ಇಂಗ್ಲಿಷ್ ಬರವಣಿಗೆಯ ಮೇಲೆ ಪರೀಕ್ಷೆಯ ಪ್ರಭಾವ

ಪ್ರವೇಶ, ವೀಸಾ, ಉದ್ಯೋಗಗಳನ್ನು ನಿರ್ಧರಿಸುವ ಭಾಷಾ ಪರೀಕ್ಷೆಗಳು ಕಲಿಕೆಯನ್ನೂ ತಮ್ಮತ್ತ ಎಳೆದುಕೊಳ್ಳುತ್ತವೆ. ಭಾಷಾಬೋಧನೆಯಲ್ಲಿ ಇದನ್ನು ವಾಷ್‌ಬ್ಯಾಕ್ ಎನ್ನುತ್ತಾರೆ. ಸಂಶೋಧಕರಾದ ಚಾರ್ಲ್ಸ್ ಆಲ್ಡರ್ಸನ್ ಮತ್ತು ಡಯಾನ್ ವಾಲ್ 1993ರಲ್ಲಿ ಪ್ರಕಟಿಸಿದ ಶ್ರೀಲಂಕಾ ಅಧ್ಯಯನದ ಪ್ರಕಾರ, ಹೊಸ ಇಂಗ್ಲಿಷ್ ಪರೀಕ್ಷೆ ಪಾಠದ ವಿಷಯವನ್ನು ಬದಲಿಸಿತೇ ಹೊರತು ಪಾಠ ಮಾಡುವ ರೀತಿಯನ್ನಲ್ಲ. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಕನಿಷ್ಠ 150 ಮತ್ತು 250 ಪದಗಳ ಎರಡು ಬರಹಗಳನ್ನು 60 ನಿಮಿಷಗಳಲ್ಲಿ ಮುಗಿಸಬೇಕು. ಹೀಗಾಗಿ ಯಾವ ವಿಷಯಕ್ಕೂ ಹೊಂದುವ ಪೀಠಿಕೆಯನ್ನು, ವಾಕ್ಯ ಜೋಡಿಸುವ ಸಿದ್ಧ ಪದಗಳನ್ನು ಬಾಯಿಪಾಠ ಮಾಡುವ ಅಭ್ಯರ್ಥಿಗಳಿದ್ದಾರೆ. ಗಡುವಿನೊಳಗೆ ವಾದ ಕಟ್ಟುವ ಅಭ್ಯಾಸ ಖಂಡಿತ ಲಾಭವೇ. ಆದರೆ ಆಕರಗಳನ್ನು ಓದಿ ಬರೆಯುವುದು, ಬರೆದದ್ದನ್ನು ಮತ್ತೆ ಮತ್ತೆ ತಿದ್ದುವುದು ಹಿಂದೆ ಬೀಳುತ್ತವೆ. ವಿಶ್ವವಿದ್ಯಾಲಯ ಸೇರಿದ ಮೇಲೆ ಬೇಕಾಗುವುದು ಮುಖ್ಯವಾಗಿ ಇವೇ.