ಅರೋಮಟೇಸ್ ಎಂಬ ಕಿಣ್ವದ ಚರಿತ್ರೆ

ಶಾಸ್ತ್ರಗಳಲ್ಲಿ ಒಂದು ವಸ್ತುವಿಗೆ ಇಟ್ಟ ಹೆಸರು ಅದರ ಜ್ಞಾನಕ್ಕೆ ಸಹಾಯಕವಾಗುವಂತೆಯೇ ಕೆಲವು ವೇಳೆ ಅಡ್ಡಿಯೂ ಆಗುವುದುಂಟು. ಅರೋಮಟೇಸ್ ಎಂಬ ಕಿಣ್ವದ ಚರಿತ್ರೆ ಇದಕ್ಕೆ ತಕ್ಕ ನಿದರ್ಶನವಾಗಿದೆ. ಮಾನವದೇಹದಲ್ಲಿ ಪುರುಷಹಾರ್ಮೋನೆಂದು ಹೆಸರಾದ ದ್ರವ್ಯವನ್ನು ಸ್ತ್ರೀಹಾರ್ಮೋನೆಂದು ಹೆಸರಾದ ದ್ರವ್ಯವನ್ನಾಗಿ ಮಾರ್ಪಡಿಸುವುದೇ ಈ ಕಿಣ್ವದ ಕಾರ್ಯ. ಇಂತಹ ಮಾರ್ಪಾಡು ಉಂಟೆಂಬುದಕ್ಕೆ ಮೊದಲ ಸೂಚನೆ ದೊರೆತದ್ದು 1934ರಲ್ಲಿ. ಆ ಕಿಣ್ವದ ಆಕೃತಿ ಕಣ್ಣಿಗೆ ಬಿದ್ದದ್ದು 2009ರಲ್ಲಿ. ಈ 75 ವರ್ಷಗಳ ವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದಗಳ ವಿಚಾರ. ಕನ್ನಡದಲ್ಲಿ ಬಳಕೆಯಲ್ಲಿರುವ 'ಕಿಣ್ವ' ಎಂಬುದು ಪ್ರಾಚೀನ ಶಬ್ದ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮದ್ಯವನ್ನು ಹುಳಿಯಿಸುವ ದ್ರವ್ಯಕ್ಕೆ ಈ ಹೆಸರಿದೆ. ಐರೋಪ್ಯರ 'ಎನ್‌ಜೈಮ್' ಎಂಬ ಮಾತನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸನು ಗ್ರೀಕ್ ಭಾಷೆಯಿಂದ ಕಲ್ಪಿಸಿದನು. ಅದರ ಅರ್ಥವೂ 'ಹುಳಿಹಿಟ್ಟಿನಲ್ಲಿರುವುದು' ಎಂದೇ. ಎರಡು ಸಂಪ್ರದಾಯಗಳೂ ಒಂದೇ ಅನುಭವದಿಂದ ಹೆಸರನ್ನು ಪಡೆದಿವೆ. 'ಹಾರ್ಮೋನ್' ಎಂಬ ಶಬ್ದವನ್ನು 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗನು ಬಳಕೆಗೆ ತಂದನು. 'ಪ್ರಚೋದಿಸುವುದು' ಎಂದು ಅದರ ಧಾತ್ವರ್ಥ. ಈ ಎರಡು ಹೆಸರುಗಳಿಂದ ಯಾವ ತೊಡಕೂ ಉಂಟಾಗಲಿಲ್ಲ. ತೊಡಕು ಉಂಟಾದದ್ದು ಹಾರ್ಮೋನುಗಳಿಗೆ ಗಂಡು ಹೆಣ್ಣೆಂಬ ವಿಶೇಷಣಗಳನ್ನು ಸೇರಿಸಿದಾಗ.

1929ರಲ್ಲಿ ಅಮೆರಿಕೆಯ ಡಾಯ್ಸಿಯೂ ಜರ್ಮನಿಯ ಬ್ಯೂಟನಾಂಟನೂ ಪ್ರತ್ಯೇಕವಾಗಿ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನ್ ಎಂಬ ಹಾರ್ಮೋನನ್ನು ಹರಳುರೂಪದಲ್ಲಿ ಬೇರ್ಪಡಿಸಿದರು. 1935ರಲ್ಲಿ ಆಮ್‌ಸ್ಟರ್‌ಡಾಮಿನ ಲಾಕರನ ಬಳಗದವರು ಹೋರಿಯ ವೃಷಣಗಳಿಂದ ಟೆಸ್ಟೋಸ್ಟೆರೋನನ್ನು ಪಡೆದರು. ಅದೇ ವರ್ಷ ಬ್ಯೂಟನಾಂಟ್, ರುಜಿಚ್ಕ ಇವರು ಅದನ್ನು ಕೃತಕವಾಗಿ ನಿರ್ಮಿಸಿದರು. ಒಂದು ಹೆಂಗಸಿನದು, ಇನ್ನೊಂದು ಗಂಡಸಿನದು. ಒಂದಕ್ಕೊಂದು ವಿರೋಧಿ ಎಂಬ ಭಾವನೆ ಆಗ ವ್ಯಾಪಕವಾಗಿದ್ದಿತು.

ಈ ಭಾವನೆಗೆ ಬಲವಾದ ಪೆಟ್ಟನ್ನು ಕೊಟ್ಟವನು ಬರ್ನ್‌ಹಾರ್ಡ್ ಸೊಂಡೆಕ್. ಯಹೂದ್ಯನಾದ ಕಾರಣ 1933ರಲ್ಲಿ ಬರ್ಲಿನ್ನಿನ ಅಧಿಕಾರದಿಂದ ತೆಗೆಯಲ್ಪಟ್ಟು, ಸ್ಟಾಕ್‌ಹೋಮಿಗೂ ಅಲ್ಲಿಂದ ಜೆರೂಸಲೇಮಿಗೂ ವಲಸೆಹೋದ ಈ ವೈದ್ಯನು, ಗಂಡುಕುದುರೆಯ ಮೂತ್ರದಲ್ಲಿ ಸ್ತ್ರೀಹಾರ್ಮೋನು ಅಪಾರವಾಗಿ ವಿಸರ್ಜನೆಯಾಗುತ್ತದೆಂದು 1934ರಲ್ಲಿ ಪ್ರಕಟಿಸಿದನು. ಬೀಜದ ಕುದುರೆಯಲ್ಲಿ ಇದು ಎಲ್ಲಿಂದ ಬರಬೇಕು? ಪುರುಷಹಾರ್ಮೋನೇ ದೇಹದಲ್ಲಿ ಸ್ತ್ರೀಹಾರ್ಮೋನಾಗಿ ಪರಿಣಮಿಸುತ್ತಿರಬೇಕೆಂಬ ಊಹೆ ಇದರಿಂದ ಹುಟ್ಟಿತು. ಆದರೆ ಊಹೆಯು ಸಿದ್ಧಾಂತವಾಗುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

1950ರ ದಶಕದ ಮಧ್ಯಭಾಗದಲ್ಲಿ, ವಿಕಿರಣಶೀಲ ಇಂಗಾಲದಿಂದ ಗುರುತುಮಾಡಿದ ಟೆಸ್ಟೋಸ್ಟೆರೋನನ್ನು ಮಾನವ ಅಂಡಾಶಯದ ಅಂಗಾಂಶದೊಡನೆ ಇರಿಸಿದಾಗ, ಅದೇ ಗುರುತುಳ್ಳ ಈಸ್ಟ್ರಡಯಾಲ್ ದೊರೆಯಿತು. 1959ರಲ್ಲಿ ಅಮೆರಿಕೆಯ ಕೆನೆತ್ ರಯನ್ ಎಂಬಾತನು ಹೆರಿಗೆಯ ತರುವಾಯ ಬೀಳುವ ಮಾಸಿನಲ್ಲಿ ಈ ಕ್ರಿಯೆಯು ತೀವ್ರವಾಗಿ ನಡೆಯುವುದೆಂದು ತೋರಿಸಿದನು. ಯಾರಿಗೂ ಬೇಡವೆಂದು ಹೂಳುವ ಮಾಸು ಅಲ್ಲಿಂದ ಮುಂದಕ್ಕೆ ಅರ್ಧಶತಮಾನ ಈ ಶೋಧನೆಗೆ ಮುಖ್ಯ ಆಕರವಾಯಿತು.

ಕ್ರಿಯೆಯ ಸ್ವರೂಪ ಹೀಗೆ: ಟೆಸ್ಟೋಸ್ಟೆರೋನಿನಲ್ಲಿ 19 ಇಂಗಾಲದ ಪರಮಾಣುಗಳಿವೆ, ಈಸ್ಟ್ರಡಯಾಲಿನಲ್ಲಿ 18. ಕಿಣ್ವವು ಮೂರು ಮೆಟ್ಟಿಲುಗಳಲ್ಲಿ, ಪ್ರತಿಯೊಂದರಲ್ಲಿಯೂ ಒಂದು ಆಮ್ಲಜನಕದ ಅಣುವನ್ನು ವ್ಯಯಮಾಡಿ, ಆ ಒಂದು ಇಂಗಾಲವನ್ನು ಫಾರ್ಮಿಕ್ ಆಮ್ಲವಾಗಿ ಹೊರಹಾಕುತ್ತದೆ. ಆಗ ಮೊದಲನೆಯ ಉಂಗುರವು ಬೆಂಜೀನಿನ ಮಾದರಿಯದಾಗುತ್ತದೆ. ಇಂತಹ ಉಂಗುರಗಳನ್ನು ಪೂರ್ವದ ರಸಾಯನಜ್ಞರು 'ಸುಗಂಧಿ' ಎಂದು ಕರೆದರಾದ್ದರಿಂದ ಕಿಣ್ವಕ್ಕೆ ಅರೋಮಟೇಸ್ ಎಂಬ ಹೆಸರು ಬಂದಿತೇ ಹೊರತು, ಪರಿಮಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಮೂರು ಮೆಟ್ಟಿಲುಗಳಿಗೂ ಒಂದೇ ಪ್ರೋಟೀನು ಸಾಕೆ, ಅಥವಾ ಹಲವು ಬೇಕೆ ಎಂಬುದು ಬಹುಕಾಲದ ಜಿಜ್ಞಾಸೆ. ಮಾಸಿನಲ್ಲಿ ನೂರಾರು ಪ್ರೋಟೀನುಗಳು ಕಲೆತಿರುವುದರಿಂದ ಅದೊಂದರಿಂದಲೇ ನಿರ್ಣಯವು ಸುಲಭವಾಗಿರಲಿಲ್ಲ. ಇಲ್ಲಿಯೇ ಪುನಸ್ಸಂಯೋಜನ ವಿಧಾನದ ಮಹತ್ವ. 1988ರಲ್ಲಿ ಅಮೆರಿಕೆಯ ಡಲ್ಲಸ್ ನಗರದಲ್ಲಿ ಎವನ್ ಸಿಂಪ್‌ಸನ್ ಮತ್ತು ಸಂಗಡಿಗರು ಈ ಕಿಣ್ವದ ಸಂಪೂರ್ಣ ಆನುವಂಶಿಕ ಲಿಪಿಯನ್ನು ಪ್ರತಿಮಾಡಿ, ಸ್ಟೀರಾಯ್ಡುಗಳನ್ನು ತಯಾರಿಸದ ಕಪಿಯ ಜೀವಕೋಶಗಳಲ್ಲಿ ಸೇರಿಸಿದರು. ಆ ಕೋಶಗಳು ಪುರುಷಹಾರ್ಮೋನನ್ನು ಈಸ್ಟ್ರೋಜನ್ನಾಗಿ ಮಾರ್ಪಡಿಸತೊಡಗಿದವು. 503 ಅಮೈನೋ ಆಮ್ಲಗಳ ಒಂದೇ ಪ್ರೋಟೀನು, ಎಲೆಕ್ಟ್ರಾನುಗಳನ್ನು ಒದಗಿಸುವ ಸಾಮಾನ್ಯ ಸಹಾಯಕ ಪ್ರೋಟೀನಿನೊಡನೆ, ಸಮಸ್ತ ಕಾರ್ಯವನ್ನೂ ನಿರ್ವಹಿಸುವುದೆಂದು ಇದರಿಂದ ಸಿದ್ಧವಾಯಿತು.

ಈ ವಿಧಾನದ ಪ್ರಯೋಜನವು ರೋಗಿಗಳ ವಿಷಯದಲ್ಲಿ ಬೇಗನೆ ಕಂಡುಬಂದಿತು. ಮಾಸಿನಲ್ಲಿ ಅರೋಮಟೇಸ್ ಇಲ್ಲದುದರಿಂದ ಗರ್ಭಿಣಿಯಲ್ಲಿಯೂ ಹೆಣ್ಣುಶಿಶುವಿನಲ್ಲಿಯೂ ಗಂಡುಲಕ್ಷಣಗಳು ತಲೆದೋರಿದ ಪ್ರಸಂಗವೊಂದನ್ನು ಜಪಾನಿನ ವೈದ್ಯರು 1991ರಲ್ಲಿ ವರದಿಮಾಡಿದರು. ಆ ದೋಷಯುಕ್ತ ಲಿಪಿಯನ್ನು ಪ್ರಯೋಗಶಾಲೆಯ ಕೋಶಗಳಲ್ಲಿ ಪರೀಕ್ಷಿಸಿದಾಗ ಕಿಣ್ವದ ಶಕ್ತಿ ಬಹುಮಟ್ಟಿಗೆ ನಷ್ಟವಾಗಿದ್ದುದು ತಿಳಿಯಿತು. 1995ರಲ್ಲಿ ವರದಿಯಾದ ಮತ್ತೊಂದು ಪ್ರಸಂಗವು ಇನ್ನೂ ವಿಸ್ಮಯಕರ. ಇದೇ ಕೊರತೆಯುಳ್ಳ 24 ವರ್ಷದ ಪುರುಷನು 204 ಸೆಂಟಿಮೀಟರ್ ಎತ್ತರವಿದ್ದನು. ಟೆಸ್ಟೋಸ್ಟೆರೋನ್ ಯಥೇಚ್ಛವಾಗಿದ್ದರೂ ಅವನ ಎಲುಬುಗಳ ಬೆಳೆವ ತುದಿಗಳು ಮುಚ್ಚಿರಲಿಲ್ಲ, ಎಲುಬುಗಳು ದುರ್ಬಲವಾಗಿದ್ದವು. ಇಂತಹವರಿಗೆ ಈಸ್ಟ್ರೋಜನ್ ಕೊಟ್ಟಾಗ ಎಲುಬುಗಳು ಗಟ್ಟಿಯಾದವು. ಗಂಡಸಿನ ಎಲುಬಿನ ದಾರ್ಢ್ಯಕ್ಕೆ 'ಹೆಂಗಸಿನ' ಹಾರ್ಮೋನೇ ಆಧಾರವೆಂದು ಆಗ ಸ್ಪಷ್ಟವಾಯಿತು.

ಚಿಕಿತ್ಸೆಯ ಮಾರ್ಗವೂ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. ಮುಟ್ಟು ನಿಂತ ಸ್ತ್ರೀಯರಲ್ಲಿ ಈಸ್ಟ್ರೋಜನ್ ಬಹುಮಟ್ಟಿಗೆ ಕೊಬ್ಬು ಮುಂತಾದ ಅಂಗಾಂಶಗಳಲ್ಲಿ ಈ ಕಿಣ್ವದಿಂದಲೇ ಉತ್ಪನ್ನವಾಗುತ್ತದೆ. ಸ್ತನದ ಅರ್ಬುದರೋಗಗಳಲ್ಲಿ ಅನೇಕವು ಅದರಿಂದ ಪೋಷಿತವಾಗುತ್ತವೆ. ಕಿಣ್ವವನ್ನು ತಡೆದರೆ ರೋಗವನ್ನು ತಡೆಯಬಹುದೆಂದು ಆಂಜೆಲ ಬ್ರಾಡಿ ಎಂಬಾಕೆಯು 1970ರ ದಶಕದಲ್ಲಿ ಪ್ರತಿಪಾದಿಸಿದಳು. ಆಕೆ ಆರಿಸಿದ ದ್ರವ್ಯವು ರೋಗಿಗಳಲ್ಲಿ ಫಲಕೊಟ್ಟ ಸಂಗತಿ 1984ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಅನಂತರ ಅನಸ್ಟ್ರಜೋಲ್, ಲೆಟ್ರಜೋಲ್, ಎಕ್ಸಿಮೆಸ್ಟೇನ್ ಎಂಬ ಔಷಧಗಳು ಬಳಕೆಗೆ ಬಂದು, ಈಗಲೂ ಲೋಕದಾದ್ಯಂತ ಉಪಯೋಗದಲ್ಲಿವೆ.

2009ರಲ್ಲಿ ದೇವಾಶಿಸ್ ಘೋಷ್ ಮತ್ತು ಸಹೋದ್ಯೋಗಿಗಳು ಮಾಸಿನಿಂದ ಶುದ್ಧಿಮಾಡಿದ ಕಿಣ್ವದ ಹರಳುಗಳಿಂದ ಅದರ ಆಕೃತಿಯನ್ನು ನಿರ್ಣಯಿಸಿದರು. ಆದರೆ ಮಾಸು ಪ್ರಕೃತಿಯು ಕೊಟ್ಟ ರೂಪವನ್ನು ಮಾತ್ರ ಒದಗಿಸಬಲ್ಲುದು. ಪ್ರೋಟೀನಿನ ಒಂದೊಂದು ಘಟಕವನ್ನು ಬದಲಿಸಿ ಅದರ ಪಾತ್ರವೇನೆಂದು ವಿಚಾರಿಸಬೇಕಾದರೆ ಪುನಸ್ಸಂಯೋಜಿತ ಕಿಣ್ವವೇ ಬೇಕು. ಅದನ್ನು ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿ ಪರೀಕ್ಷಿಸುವ ಕಾರ್ಯವೂ ನೆರವೇರಿದೆ.

ಇಷ್ಟಾದರೂ ಪಠ್ಯಪುಸ್ತಕಗಳಲ್ಲಿ 'ಪುರುಷಹಾರ್ಮೋನು', 'ಸ್ತ್ರೀಹಾರ್ಮೋನು' ಎಂಬ ಹೆಸರುಗಳು ಅಳಿದಿಲ್ಲ. ಇವುಗಳಿಗಿರುವ ಭೇದವು ಪ್ರಮಾಣದ್ದೂ ಸ್ಥಾನದ್ದೂ ಆಗಿದೆ. ಎರಡೂ ಎರಡು ದೇಹಗಳಲ್ಲಿಯೂ ಇವೆ, ಒಂದರಿಂದಲೇ ಇನ್ನೊಂದು ಹುಟ್ಟುತ್ತದೆ. ಹುಳಿಯುವ ಹಿಟ್ಟನ್ನು ಕಂಡು 'ಕಿಣ್ವ'ವೆಂದ ಹಿರಿಯರು ಕಂಡ ಕೆಲಸಕ್ಕೆ ಹೆಸರಿಟ್ಟರು. ಆ ಹೆಸರು ಇಂದಿಗೂ ಸಲ್ಲುತ್ತದೆ. ಊಹಿಸಿದ ಸ್ವಭಾವಕ್ಕೆ ಇಟ್ಟ ಹೆಸರು ಒಂದು ಕುದುರೆಯ ಮೂತ್ರದಿಂದ ಸುಳ್ಳಾಯಿತು. ಕನ್ನಡದಲ್ಲಿ ಶಾಸ್ತ್ರೀಯ ಪರಿಭಾಷೆಯನ್ನು ಕಟ್ಟುವವರು ಈ ಎರಡು ಉದಾಹರಣೆಗಳನ್ನೂ ಒಟ್ಟಿಗೆ ನೆನೆಯುವುದು ಯುಕ್ತವಾಗಿದೆ.