ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ್ದಾ?

ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದಾಗ ರೋಮಾಂಚನ ಆಗಿತ್ತು. ಮೊನ್ನೆ ವಿಜ್ಞಾನಿಗಳ ಹುಟ್ಟು-ಸಾವಿನ ತಾರೀಖು ತುಂಬಿಸಿ ಒಂದು ಪುಟ್ಟ ಡೇಟಾಬೇಸ್ ಮಾಡೋಣ ಅಂತ ಕೂತೆ ನೋಡಿ, ಆ ಕಥೆಯೇ ಕೈಕೊಟ್ಟಿತು.

ಗೆಲಿಲಿಯೋ ತೀರಿಕೊಂಡಿದ್ದು 1642ರ ಜನವರಿ 8. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25. ಕಳೆದರೆ 351 ದಿನ. ಡೇಟಾಬೇಸ್ ತಕರಾರಿಲ್ಲದೆ ಇದೇ ಉತ್ತರ ಕೊಡುತ್ತದೆ. ಆದರೆ ಉತ್ತರ ತಪ್ಪು! ಮೊದಲನೆಯದು ಇಟಲಿಯ ತಾರೀಖು, ಎರಡನೆಯದು ಇಂಗ್ಲೆಂಡಿನದು.

ಹಳೆಯ ಜೂಲಿಯನ್ ಕ್ಯಾಲೆಂಡರಿನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಈ ಚಿಲ್ಲರೆ ಶತಮಾನಗಳ ಕಾಲ ಸೇರುತ್ತಾ ಹೋಗಿ, 1582ರಲ್ಲಿ ಪೋಪ್ 13ನೇ ಗ್ರೆಗರಿ 10 ತಾರೀಖುಗಳನ್ನೇ ಹಾರಿಸಬೇಕಾಯಿತು. ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15! ಇಟಲಿ, ಸ್ಪೇನ್ ಒಪ್ಪಿದವು. ಪೋಪನ ಮಾತು ಯಾಕೆ ಕೇಳಬೇಕು ಅಂತ ಇಂಗ್ಲೆಂಡ್ ಹಳೆಯದನ್ನೇ ಹಿಡಿದು ಕೂತಿತು. ಕೊನೆಗೆ ಒಪ್ಪಿದ್ದು 1752ರಲ್ಲಿ. ಅಷ್ಟರಲ್ಲಿ ವ್ಯತ್ಯಾಸ 11 ದಿನವಾಗಿತ್ತು. ಅಲ್ಲಿ ಸೆಪ್ಟೆಂಬರ್ 2ರ ಮರುದಿನ 14. ಎಸ್‌ಕ್ಯೂಎಲ್ ಸರ್ವರಿನ 'ಡೇಟ್‌ಟೈಮ್' 1753ಕ್ಕಿಂತ ಹಿಂದಿನ ತಾರೀಖನ್ನು ತೆಗೆದುಕೊಳ್ಳದೇ ಇರುವುದಕ್ಕೆ ಮೂಲ ಇದೇ.

ಈಗ ಇಬ್ಬರನ್ನೂ ಒಂದೇ ಕ್ಯಾಲೆಂಡರಿಗೆ ತರೋಣ. ಹೊಸದರಲ್ಲಿ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಹಳೆಯದರಲ್ಲಿ ಗೆಲಿಲಿಯೋ ತೀರಿಕೊಂಡಿದ್ದು 1641ರ ಡಿಸೆಂಬರ್ 29. ಯಾವುದನ್ನು ಹಿಡಿದರೂ ವರ್ಷ ಒಂದೇ ಅಲ್ಲ! ನಡುವಿನ ಅಂತರ 361 ದಿನ.

ಇದಕ್ಕೆ ಪರಿಹಾರದ ದಾರಿ ತೋರಿಸಿದ್ದು 1583ರಲ್ಲೇ, ಜೋಸೆಫ್ ಸ್ಕ್ಯಾಲಿಜರ್ ಎಂಬ ವಿದ್ವಾಂಸ. ಕ್ರಿ.ಪೂ. 4713ರಿಂದ ಶುರುವಾಗುವ ಒಂದು ಉದ್ದನೆಯ ಕಾಲಚಕ್ರವನ್ನು ಅವನು ಕೊಟ್ಟ. ಮುಂದೆ ಖಗೋಳಶಾಸ್ತ್ರಜ್ಞರು ಅದೇ ಆರಂಭದಿಂದ ದಿನಗಳನ್ನು ಒಂದೊಂದಾಗಿ ಎಣಿಸತೊಡಗಿದರು. ತಿಂಗಳಿಲ್ಲ, ಅಧಿಕ ವರ್ಷವಿಲ್ಲ, ಬರೀ ಸಂಖ್ಯೆ. ಡೇಟಾಬೇಸುಗಳೂ ಒಳಗೆ ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಆದರೆ ನಾವು ತುಂಬಿಸಿದ ತಾರೀಖು ಯಾವ ಊರಿನ ಲೆಕ್ಕದ್ದು ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು?

ಹಾಗಾಗಿ ನನ್ನ ಟೇಬಲ್ಲಿನಲ್ಲಿ ಈಗ ಮೂರು ಕಾಲಂ: ದಾಖಲೆಯಲ್ಲಿದ್ದ ತಾರೀಖು ಇದ್ದ ಹಾಗೇ, ಅದು ಯಾವ ಕ್ಯಾಲೆಂಡರಿನದು, ಮತ್ತು ಹೋಲಿಸುವುದಕ್ಕೆ ದಿನದ ಸಂಖ್ಯೆ. ತಿಥಿ ಪ್ರಕಾರ ಒಂದು ಸಲ, ತಾರೀಖಿನ ಪ್ರಕಾರ ಇನ್ನೊಂದು ಸಲ ಹುಟ್ಟುಹಬ್ಬ ಮಾಡಿಸಿಕೊಂಡ ನಮಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ಮೇಷ್ಟ್ರು ಸಿಕ್ಕರೆ ಹೇಳಬೇಕು. ಆದರೂ ಅವರ ಕಥೆಯೇ ಚೆನ್ನಾಗಿತ್ತು :)