ಗೀರು ಕಾಣುವ ಕಣ್ಣು
2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಹತ್ಯೆಯಾಯಿತು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರದು. ಎರಡರಲ್ಲೂ ಬಳಕೆಯಾದದ್ದು ಒಂದೇ ಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಮಾಡಿತು. ಗುಂಡು, ತೋಟಾಗಳ ಮೇಲಿನ ಸೂಕ್ಷ್ಮ ಗೀರುಗಳ ಹೋಲಿಕೆಯೇ ಇಂಥ ಪರೀಕ್ಷೆಯ ಆಧಾರ.

ಈ ಸೂಕ್ಷ್ಮದೃಷ್ಟಿ ಯಾರಿಗೆ ಹೆಚ್ಚು? ಅಮಿತಾ ಶಾ ಮತ್ತು ಊಟಾ ಫ್ರಿತ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರದೊಳಗೆ ಅಡಗಿದ ಆಕೃತಿಯನ್ನು ಹುಡುಕುವುದರಲ್ಲಿ ಆಟಿಸಂ ಇರುವ ಮಕ್ಕಳು ಅದೇ ಬೌದ್ಧಿಕ ವಯಸ್ಸಿನ ಇತರರನ್ನು ಮೀರಿಸಿದರು. ಆದರೆ ಈ ಶಕ್ತಿ ಎಲ್ಲರಲ್ಲೂ ಒಂದೇ ತೆರನಲ್ಲ. ಸಾಕ್ಷಿಗಳನ್ನು ಮಾತನಾಡಿಸುವುದೂ ತನಿಖೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರಿಯ ಮೀಸಲಿನಲ್ಲಿ ಇವರನ್ನೂ ಸೇರಿಸಿತು. ಆದ್ದರಿಂದ 'ಇಂಥವರು ಪತ್ತೇದಾರರಾಗಬಲ್ಲರೇ' ಎನ್ನುವ ಬದಲು, 'ಈತನಿಗೆ, ಈಕೆಗೆ ಯಾವ ಕೆಲಸ ಒಗ್ಗೀತು' ಎಂದು ಕೇಳಿ ನೋಡಿ.